ಐದು ಕಿಲೋಮೀಟರ್ ಓಟಕ್ಕೆ ಒಂದು ಮನೆ ಸಾಕು

ಹೈದರಾಬಾದಿನ ಕಾಚಿಗೂಡದ ಕನ್ನಡದ ಹುಡುಗ ಹುಡುಗಿಯರೇ, ಬೇರೆಯವರು ನಡೆಸುವ ಓಟಗಳಲ್ಲಿ ಓಡಿದ್ದು ಸಾಕು. ಈ ವರ್ಷ ಒಂದು ಓಟವನ್ನು ನೀವೇ ನಡೆಸಿ.

ಆಗಸ್ಟ್ ಬಂತೆಂದರೆ ಹೈದರಾಬಾದ್ ಮ್ಯಾರಥಾನ್. ಸಾವಿರಾರು ಜನ, ಮೈಕು, ಬ್ಯಾನರು, ಕೊನೆಗೆ ಕೊರಳಿಗೊಂದು ಪದಕ. ಅದೂ ಚೆಂದ, ನಡೆಯಲಿ. ಆದರೆ ಅಲ್ಲಿ ನಿಮ್ಮ ಪಾಲಿಗಿರುವುದು ಎದೆಯ ಮೇಲಿನ ಒಂದು ನಂಬರು ಮಾತ್ರ. ನಾನು ಹೇಳುವ ಓಟದಲ್ಲಿ ದಾರಿ ಅಳೆಯುವವರು ನೀವು, ಠಾಣೆಗೆ ಅರ್ಜಿ ಕೊಡುವವರು ನೀವು, ನೀರಿನ ಮೇಜು ಹಾಕುವವರು ನೀವು, ಬಂದ ದುಡ್ಡಿಗೆ ಪೈಸೆ ಪೈಸೆ ಲೆಕ್ಕ ಒಪ್ಪಿಸುವವರೂ ನೀವೇ. ದೂರ ಐದು ಕಿಲೋಮೀಟರ್. ಜನ ಐವತ್ತೋ ನೂರೋ. ಒಂದು ಭಾನುವಾರದ ಬೆಳಗು, ಒಂದು ಒಳ್ಳೆಯ ಕೆಲಸ. ಇದಕ್ಕೆ ಬೇಕಾದ ಸಮಿತಿಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದು ದಿನಾ ರಾತ್ರಿ ನಿಮ್ಮ ಮನೆಯಲ್ಲೇ ಊಟಕ್ಕೆ ಕೂರುತ್ತದೆ.

ಈ ಊರಿಗೆ ನಮ್ಮ ಬಾಕಿ

ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಗುಮ್ಮಟಗಳ ಕಾಚಿಗೂಡ ರೈಲ್ವೆ ನಿಲ್ದಾಣದ ಮುಂದೆ ಬೆಳಗಿನ ಹೊತ್ತು ಒಮ್ಮೆ ನಿಂತು ನೋಡಿ. ಬೆಂಗಳೂರಿನ ಕಡೆಯ ಗಾಡಿಯಿಂದ ಇಳಿದವರಲ್ಲಿ ಲ್ಯಾಪ್‌ಟಾಪ್ ಚೀಲದವರು ಇರುತ್ತಾರೆ, ಪರೀಕ್ಷೆಗೆ ಬಂದ ಹುಡುಗರು ಇರುತ್ತಾರೆ. 2023ರ ಸೆಪ್ಟೆಂಬರ್ 24ರಿಂದ ಇಲ್ಲಿಂದ ಯಶವಂತಪುರಕ್ಕೆ ವಂದೇ ಭಾರತ್ ಕೂಡ ಓಡುತ್ತಿದೆ. ಇವರ ನಡುವೆಯೇ ಕೈಯಲ್ಲಿ ಎಕ್ಸ್‌ರೇ ಕವರು, ಕಂಕುಳಲ್ಲಿ ಹೊದಿಕೆಯ ಗಂಟು ಹಿಡಿದು, ಆಸ್ಪತ್ರೆಗೆ ಯಾವ ಬಸ್ಸು ಎಂದು ಕನ್ನಡದಲ್ಲೇ ಕೇಳುವವರೂ ಇರುತ್ತಾರೆ. ಇಮ್ಲಿಬನ್ ಬಸ್ ನಿಲ್ದಾಣದಲ್ಲೂ ಇದೇ ನೋಟ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಜನಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮಗುವಿಗೆ ಕಾಯಿಲೆಯಾದರೆ ನಿಲೋಫರ್ ಆಸ್ಪತ್ರೆ, ಕ್ಯಾನ್ಸರ್ ಎಂದರೆ ಎಂಎನ್‌ಜೆ ಆಸ್ಪತ್ರೆ. 1956ರ ನವೆಂಬರ್ 1ರವರೆಗೆ ಆ ಪ್ರದೇಶಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ರಾಜಧಾನಿ ಇದೇ ಊರು. ಆಮೇಲೆ ಗಡಿ ಬದಲಾಯಿತು, ಆಸ್ಪತ್ರೆಯ ದಾರಿ ಬದಲಾಗಲಿಲ್ಲ.

ಆ ಕಾಲದಿಂದಲೂ ನಮ್ಮವರು ಈ ಊರಲ್ಲಿ ಬೇರು ಬಿಟ್ಟಿದ್ದಾರೆ. ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಕನ್ನಡಿಗರು ಕಟ್ಟಿ ಬೆಳೆಸಿದ ನೃಪತುಂಗ ಶಾಲೆಯಿದೆ. ಕಟ್ಟಿದವರು ದೊಡ್ಡ ಸಾಹುಕಾರರು ಬಂದು ಕೊಡಲಿ ಎಂದು ಕಾಯುತ್ತ ಕೂತಿದ್ದರೆ ಇವತ್ತು ನವೆಂಬರ್ ತಿಂಗಳಲ್ಲಿ ನಿಮಗೆ ಕನ್ನಡ ಬಾವುಟ ಏರಿಸಲು ಒಂದು ಅಂಗಳವೂ ಇರುತ್ತಿರಲಿಲ್ಲ.

ಇನ್ನೂ ಹಿಂದೆ ಹೋಗಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದ ಸಾವಿರಾರು ಜನರನ್ನು ನುಂಗಿತು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲೇ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಹಾಕಿಕೊಟ್ಟ ಯೋಜನೆಯ ಫಲವೇ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್. ಬಂದ ಊರಿಗೆ ಏನಾದರೂ ಕೊಟ್ಟೇ ಹೋಗುವುದು ನಮ್ಮ ಹಿರಿಯರ ರೀತಿ. ನಿಮ್ಮಿಂದ ಯಾರೂ ಜಲಾಶಯ ಕೇಳುತ್ತಿಲ್ಲ. ಐದು ಕಿಲೋಮೀಟರ್ ಓಟ ಕೇಳುತ್ತಿದ್ದೇನೆ.

ಸಣ್ಣದು ಎಂದು ನಾಚಬೇಡಿ

ನಿಮ್ಮ ಬಾಯಿಗೆ ಬರುವ ಮೊದಲ ಮಾತು ನನಗೆ ಗೊತ್ತು. “ಬರೇ ಮನಿ ಮಂದಿ ಕೂಡಿ ಓಡಿದ್ರ ಜನ ನಗ್ತಾರ್ರಿ.” ನಗಲಿ. ನಗುವವರಿಗೆ ಎರಡು ಕತೆ ಹೇಳಿ.

1970ರ ಸೆಪ್ಟೆಂಬರ್ 13ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಮ್ಯಾರಥಾನ್ ನಡೆಯಿತು. ಪ್ರವೇಶ ಶುಲ್ಕ 1 ಡಾಲರ್. ಹೊರಟವರು 127 ಜನ, ಮುಗಿಸಿದವರು 55. ಪಾರ್ಕಿನೊಳಗೇ ಸುತ್ತು ಹೊಡೆದ ಆ ಓಟ ಇವತ್ತು 50,000ಕ್ಕೂ ಹೆಚ್ಚು ಜನ ಮುಗಿಸುವ ನ್ಯೂಯಾರ್ಕ್ ಮ್ಯಾರಥಾನ್. ಎರಡನೆಯದು 2004ರ ಅಕ್ಟೋಬರ್ 2ರ ಮಾತು. ಲಂಡನ್ನಿನ ಬುಶಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹೆವಿಟ್ ಎಂಬಾತ ಗೆಳೆಯರಿಗಾಗಿ ಐದು ಕಿಲೋಮೀಟರ್ ಓಟ ಇಟ್ಟ. ಗಾಯವಾಗಿದ್ದರಿಂದ ಅವನಿಗೇ ಓಡಲು ಬರುತ್ತಿರಲಿಲ್ಲ. ಬಂದವರು 13 ಜನ, ನೆರವಿಗೆ ನಿಂತವರು ಬೆರಳೆಣಿಕೆಯಷ್ಟು. ಯಾರು ಎಷ್ಟನೆಯವರಾಗಿ ಮುಗಿಸಿದರು ಎಂದು ಗುರುತಿಡಲು ಅವನು ಬಳಸಿದ್ದು ಅಂಕಿ ಕೊರೆದ ಲೋಹದ ವಾಷರುಗಳನ್ನು. ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಆ ಓಟ ಈಗ 20ಕ್ಕೂ ಹೆಚ್ಚು ದೇಶಗಳಲ್ಲಿ ವಾರ ವಾರ ನಡೆಯುತ್ತದೆ, ಇವತ್ತಿಗೂ ಪುಕ್ಕಟೆ.

ಆದರೆ ನಿಮ್ಮ ಓಟವೂ ಮುಂದೆ ಹಾಗೆ ಬೆಳೆಯಲೇಬೇಕು ಎಂದು ನಾನು ಹೇಳುವುದಿಲ್ಲ. ಬೆಳೆಯದಿದ್ದರೂ ಅದಕ್ಕೆ ಬೆಲೆಯಿದೆ. ದೊಡ್ಡ ಓಟದಲ್ಲಿ ಕೊಟ್ಟವರಿಗೆ ಪಡೆದವರ ಮುಖ ಕಾಣುವುದಿಲ್ಲ. ನಿಮ್ಮದರಲ್ಲಿ ನೂರು ರೂಪಾಯಿ ಕೊಟ್ಟ ಕಿರಾಣಿ ಅಂಗಡಿಯ ಮಾವ ಎಂಟು ದಿನ ಬಿಟ್ಟು “ಆ ರೊಕ್ಕ ಏನಾತು?” ಎಂದು ಕೇಳಬಲ್ಲ. ನೀವು ಉತ್ತರ ಕೊಡಲೇಬೇಕು. ಸಣ್ಣ ಓಟದ ಬಲ ಇರುವುದೇ ಇಲ್ಲಿ: ಕೊಡುವವರು, ಓಡುವವರು, ಪಡೆಯುವವರು ಎಲ್ಲರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಾರೆ. ಈ ಬಲವನ್ನು ಕೋಟಿ ರೂಪಾಯಿಯ ಪ್ರಾಯೋಜಕರೂ ತಂದುಕೊಡಲಾರರು.

ಮನೆಯೇ ಸಮಿತಿ

ಐನೂರು ಜನರ ಮದುವೆ ನಡೆಸಿದ ಮನೆಗೆ ನೂರು ಜನರ ಓಟ ನಡೆಸುವುದು ಯಾವ ಲೆಕ್ಕ? ಛತ್ರ ಹಿಡಿಯುವುದು, ಬಂಧುಬಳಗದವರಿಗೆಲ್ಲ ಹೇಳಿ ಕಳಿಸುವುದು, ಹೊತ್ತಿಗೆ ಸರಿಯಾಗಿ ನೀರು ತಿಂಡಿ, ಕೊನೆಗೆ ಖರ್ಚಿನ ಪಟ್ಟಿ, ಇದೆಲ್ಲ ನಿಮ್ಮ ಮನೆಯವರಿಗೆ ಕರತಲಾಮಲಕ. ಆ ಜಾಣತನವನ್ನು ಬೀದಿಗೆ ತರಬೇಕು, ಅಷ್ಟೆ.

ಕೆಲಸ ಹಂಚುವಾಗ ಮಾತ್ರ ಹಳೆಯ ರೂಢಿಗೆ ಬೀಳಬೇಡಿ. ಅವ್ವನಿಗೆ ಉಪ್ಪಿಟ್ಟು, ಅಪ್ಪನಿಗೆ ಮೈಕು ಎಂದು ಹಂಚಿದರೆ ಓಟ ಹೊಸದಾಗುವುದಿಲ್ಲ. ತಿಂಗಳ ಖರ್ಚು ತೂಗಿಸಿ, ಓಣಿಯ ಹೆಂಗಸರ ಚೀಟಿ ನಡೆಸಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದ ಅವ್ವನ ಕೈಗೆ ಖಜಾನೆ ಕೊಡಿ. ಅಪ್ಪ ನಿಮ್ಮ ಜೊತೆ ಠಾಣೆಗೆ ಬರಲಿ. ಅರ್ಜಿ ಬರೆಯುವುದು, ಮಾತಾಡುವುದು ನೀವೇ ಮಾಡಿ, ಅವರು ಪಕ್ಕದಲ್ಲಿ ನಿಂತರೆ ಸಾಕು. ನರ್ಸ್ ಆಗಿರುವ ಅಕ್ಕನೋ ಅತ್ತಿಗೆಯೋ ಇದ್ದರೆ ಪ್ರಥಮ ಚಿಕಿತ್ಸೆ ಅವರದು. ಚಿತ್ರ ಬಿಡಿಸುವ ತಂಗಿಗೆ ಪೋಸ್ಟರು, ಎದೆಯ ನಂಬರು. ಬೆಳಗ್ಗೆ ನಾಲ್ಕಕ್ಕೇ ಏಳುವ ಅಜ್ಜನಿಗೆ ಗಡಿಯಾರ. “ಅಜ್ಜಾ, ಆರೂವರಿ ಅಂದ್ರ ಆರೂವರಿನ, ಯಾರ್ ಸಲುವಾಗೂ ಕಾಯೂದಿಲ್ಲ” ಎಂದು ಹೇಳಿಬಿಡಿ. ಹೊತ್ತು ಪಾಲಿಸುವ ವಿಷಯದಲ್ಲಿ ಅವರನ್ನು ಮೀರಿಸುವವರು ಸಿಗುವುದಿಲ್ಲ.

ಮತ್ತೆ, ಅವ್ವನೂ ಓಡಲಿ. ಓಡದಿದ್ದರೆ ಬಿರುಸಾಗಿ ನಡೆಯಲಿ. ನಟ ಮಿಲಿಂದ್ ಸೋಮಣ್ 2016ರಲ್ಲಿ ಅಹಮದಾಬಾದಿನಿಂದ ಮುಂಬೈಗೆ ಓಡುತ್ತಿದ್ದಾಗ ಅವರ ತಾಯಿ ಉಷಾ ಸೋಮಣ್ ಸೀರೆಯುಟ್ಟು ಬರಿಗಾಲಲ್ಲೇ ಮಗನ ಜೊತೆಗೂಡಿ ಓಡಿದ್ದನ್ನು ದೇಶವೇ ನೋಡಿತು. ನಿಮ್ಮ ಅವ್ವನಿಗೆ ಬರಿಗಾಲು ಬೇಡ, ಒಂದು ಜೊತೆ ಒಳ್ಳೆಯ ಬೂಟು ಕೊಡಿಸಿ. ಇಷ್ಟು ವರ್ಷ ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಅಂಚಿಗೆ ನಿಂತು ಚಪ್ಪಾಳೆ ತಟ್ಟಿದವಳು ಅವಳು. ಈಗ ಚಪ್ಪಾಳೆ ತಟ್ಟುವ ಸರದಿ ನಿಮ್ಮದು.

ಅಭ್ಯಾಸಕ್ಕೆ ಆರು ವಾರ ಸಾಕು. ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ತಾಸು. ವಾರ ಕಳೆದಂತೆ ಓಟ ಹೆಚ್ಚಲಿ, ನಡಿಗೆ ಇಳಿಯಲಿ. ಓಡುತ್ತಲೇ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಓಡಿ. ಮಾತು ನಿಂತರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ಹೆಜ್ಜೆ ಹಾಕಲಿ. ಚಿಕ್ಕ ಮಕ್ಕಳಿಗೆ ಒಂದು ಕಿಲೋಮೀಟರ್ ಸಾಕು. ಒಂದು ಲಾಭವನ್ನು ಮೊದಲೇ ಹೇಳಿಬಿಡುತ್ತೇನೆ: ಆರು ವಾರ ಮನೆಮಂದಿಯೆಲ್ಲ ಒಟ್ಟಿಗೆ ಬೆಳಗಿನಲ್ಲಿ ಓಡಿದರೆ, ಓಟದ ದಿನ ಬರುವ ಮೊದಲೇ ಆ ಮನೆಯಲ್ಲಿ ಮಾತುಕತೆ ಹೆಚ್ಚಿರುತ್ತದೆ.

ಯಾರಿಗಾಗಿ?

ಎಲ್ಲರಿಗೂ ಎಲ್ಲವೂ ಎಂದು ಹೊರಟರೆ ಯಾರಿಗೂ ಏನೂ ಸಿಗುವುದಿಲ್ಲ. ಒಂದೇ ಕೆಲಸ ಹಿಡಿಯಿರಿ. ಅದು ಹತ್ತಿರದ್ದಾಗಿರಲಿ, ಕಣ್ಣಿಗೆ ಕಾಣುವಂಥದ್ದಾಗಿರಲಿ, ಎಣಿಸಲು ಬರುವಂಥದ್ದಾಗಿರಲಿ. “ಬಡ ರೋಗಿಗಳ ಕಲ್ಯಾಣ” ಎಂದು ಬರೆದರೆ ಯಾರಿಗೂ ಏನೂ ತಿಳಿಯದು. “ಚಿಕಿತ್ಸೆಗೆ ಬಂದ ಮಕ್ಕಳ ಜೊತೆಗಿರುವವರಿಗೆ ಒಂದು ವಾರದ ಊಟ” ಎಂದರೆ ತಿಳಿಯುತ್ತದೆ. “ಹತ್ತು ಮಕ್ಕಳಿಗೆ ಒಂದು ವರ್ಷದ ಪುಸ್ತಕ” ಎಂದರೂ ತಿಳಿಯುತ್ತದೆ. ಗಡಿಯಾಚೆಯಿಂದ ಬಂದು ಆಸ್ಪತ್ರೆಯ ಅಂಗಳದಲ್ಲಿ ರಾತ್ರಿ ಕಳೆಯುವವರ ಭಾಷೆ ನಿಮಗೆ ಬರುತ್ತದೆ. ಈ ನಗರದ ತೆಲುಗು, ಉರ್ದುವೂ ಬರುತ್ತದೆ. ದುಡ್ಡಿಗಿಂತ ದೊಡ್ಡ ದಾನ ಅದೇ ಆಗಬಹುದು. ಸಂಗ್ರಹಿಸಿದ ಹಣದ ಜೊತೆಗೆ ತಿಂಗಳಿಗೊಂದು ಭಾನುವಾರ ಆಸ್ಪತ್ರೆಗೆ ಹೋಗಿ ಚೀಟಿ ಓದಿ ಹೇಳುವ, ಔಷಧಿ ಅಂಗಡಿ ತೋರಿಸುವ ಇಬ್ಬರನ್ನು ನಿಮ್ಮ ಗುಂಪಿನಿಂದ ಕೊಡಿ.

ಕಷ್ಟದಲ್ಲಿರುವವರ ಫೋಟೊ ಹಾಕಿ ಪೋಸ್ಟರು ಮಾಡುವುದು ಬೇಡ. ಸಹಾಯ ಪಡೆದದ್ದಕ್ಕೆ ಯಾರೂ ತಮ್ಮ ಮುಖವನ್ನು ಬೆಲೆಯಾಗಿ ತೆರಬಾರದು.

ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. ಕಾಯಕ, ದಾಸೋಹ ಎರಡನ್ನೂ ಒಂದೇ ಬದುಕಿನ ಎರಡು ಕಾಲುಗಳಾಗಿ ನಡೆಸಿ ತೋರಿಸಿದ ನೆಲ ಅದು. ಮೈ ದಣಿಯುವುದು ಕಾಯಕ, ದಣಿದು ಗಳಿಸಿದ್ದನ್ನು ಹಂಚುವುದು ದಾಸೋಹ. ಓಡಿ ಕೊಡುವ ಈ ಹೊಸ ರೂಢಿಯ ತಿರುಳು ನಮ್ಮಲ್ಲಿ ಹಳೆಯದು. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ ಮುಷ್ಟಿ ಅಕ್ಕಿ ಕೂಡಿಸಿದ ತಾಯಂದಿರ ಮೊಮ್ಮಕ್ಕಳು ನೀವು.

ಒಂದು ಕಾಲಿನ ಹುಡುಗ

ನಿಮ್ಮ ವಯಸ್ಸಿನವನೊಬ್ಬನ ಕತೆ ಕೇಳಿ. ಕೆನಡಾದ ಟೆರ್ರಿ ಫಾಕ್ಸ್ 1977ರಲ್ಲಿ, 18ನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ. ಆಸ್ಪತ್ರೆಯಲ್ಲಿ ತನಗಿಂತ ಎಳೆಯ ಮಕ್ಕಳು ನರಳುವುದನ್ನು ನೋಡಿದ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಉದ್ದಕ್ಕೂ ಓಡುತ್ತೇನೆ ಎಂದು ನಿಶ್ಚಯಿಸಿ, 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಎಂಬ ಊರಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿ ಹೊರಟ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು, ಸುಮಾರು 42 ಕಿಲೋಮೀಟರ್. ಹಿಂದೆ ಒಂದು ವ್ಯಾನು, ಅದನ್ನು ಓಡಿಸುವ ಗೆಳೆಯ ಡಗ್ ಆಲ್ವರ್ಡ್. ದಣಿವಿನಲ್ಲಿ ಗೆಳೆಯರಿಬ್ಬರ ನಡುವೆ ಜಗಳ ಹೆಚ್ಚಾದಾಗ 17 ವರ್ಷದ ತಮ್ಮ ಡ್ಯಾರೆಲ್ ಬಂದು ಸೇರಿಕೊಂಡ. ದೇಶ ಕಂಡ ಆ ಮಹಾ ಓಟದಲ್ಲಿ ವ್ಯಾನಿನಲ್ಲಿ ಜೊತೆಗಿದ್ದವರು ಒಬ್ಬ ಗೆಳೆಯ, ಒಬ್ಬ ತಮ್ಮ.

143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಎದೆನೋವು ತಡೆಯಲಾರದೆ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಕೆನಡಾದ ಪ್ರತಿಯೊಬ್ಬನಿಂದ 1 ಡಾಲರ್ ಕೂಡಿಸಬೇಕು ಎಂದಿದ್ದ. ಆಗ ಆ ದೇಶದ ಜನಸಂಖ್ಯೆ ಸುಮಾರು 2.4 ಕೋಟಿ. 1981ರ ಫೆಬ್ರವರಿ ಹೊತ್ತಿಗೆ ನಿಧಿ 2.4 ಕೋಟಿ ಡಾಲರ್ ದಾಟಿತು. ಅದನ್ನು ನೋಡಿ, ಅದೇ ಜೂನ್ 28ರಂದು, 23 ತುಂಬುವ ಮೊದಲೇ ಅವನು ತೀರಿಕೊಂಡ. ಸೆಪ್ಟೆಂಬರಿನಲ್ಲಿ ಅವನ ಹೆಸರಿನ ಮೊದಲ ಓಟಕ್ಕೆ 3 ಲಕ್ಷ ಜನ ಬಂದರು.

ಟೆರ್ರಿ ಫಾಕ್ಸ್ ಓಟದ ನಿಯಮಗಳನ್ನು ಗಮನಿಸಿ: ಅಲ್ಲಿ ಸ್ಪರ್ಧೆಯಿಲ್ಲ, ಗೆದ್ದವರು ಸೋತವರು ಇಲ್ಲ. ಓಡಬಹುದು, ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು. ನಡೆಸುವವರೆಲ್ಲ ಸ್ವಯಂಸೇವಕರು. ನಮ್ಮ ಕಾಚಿಗೂಡದ ಓಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ರೊಕ್ಕದ ಮಾತು

ಇಲ್ಲಿ ಸ್ವಲ್ಪ ನಿಲ್ಲಿ. ಓಟ ಕೆಡುವುದು ಕಾಲಿನಿಂದಲ್ಲ, ಲೆಕ್ಕದಿಂದ.

2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ಇಂಗ್ಲೆಂಡಿನ 99 ವರ್ಷದ ನಿವೃತ್ತ ಸೈನಿಕ ಟಾಮ್ ಮೂರ್ ನೂರು ತುಂಬುವುದರೊಳಗೆ ಮನೆಯ ತೋಟದಲ್ಲಿ ವಾಕರ್ ಹಿಡಿದು 100 ಸುತ್ತು ನಡೆಯುತ್ತೇನೆ ಎಂದರು. ಆರೋಗ್ಯ ಸೇವೆಯ ದತ್ತಿಗಳಿಗೆ 1,000 ಪೌಂಡ್ ಕೂಡಿಸುವ ಆಸೆ. ಬಂದದ್ದು 3 ಕೋಟಿ ಪೌಂಡಿಗೂ ಹೆಚ್ಚು, ಅದು ಸೇರಬೇಕಾದಲ್ಲಿಗೆ ಸೇರಿತು. ಆದರೆ ಆಮೇಲೆ ಅವರ ಹೆಸರಿನಲ್ಲಿ ಹುಟ್ಟಿದ ಪ್ರತಿಷ್ಠಾನದ ವ್ಯವಹಾರವನ್ನು ತನಿಖೆ ಮಾಡಿದ ಅಲ್ಲಿನ ಚಾರಿಟಿ ಕಮಿಷನ್, ಮನೆಯವರಿಗೆ ಅದರಿಂದ ಸ್ವಂತ ಲಾಭವಾಗಿದೆ, ನಡವಳಿಕೆ ಸರಿಯಿರಲಿಲ್ಲ ಎಂದು 2024ರ ನವೆಂಬರಿನ ವರದಿಯಲ್ಲಿ ಬರೆಯಿತು. ಆ ಹಿರಿಯರ ನಡಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಹೆಸರಿಗೆ ಕಪ್ಪು ತಗುಲಿತು.

ಮನೆಯವರೇ ಸೇರಿ ನಡೆಸುವ ದಾನದ ಕೆಲಸದಲ್ಲಿ ಮನೆಯೇ ಬಲ, ಮನೆಯೇ ಅಪಾಯ. ಆದ್ದರಿಂದ ಮೊದಲ ದಿನವೇ ನಾಲ್ಕು ಕಟ್ಟುಪಾಡು ಹಾಕಿಕೊಳ್ಳಿ.

ಒಂದು, ದಾನದ ಹಣ ನಿಮ್ಮ ಯಾರ ಖಾತೆಗೂ ಬರಬಾರದು. ನೋಂದಾಯಿತ ಸಂಸ್ಥೆಯೊಂದನ್ನು ಮೊದಲೇ ಕಂಡು, ಅದರ ಒಪ್ಪಿಗೆ ಬರಹದಲ್ಲಿ ಪಡೆದು, ಅದರದ್ದೇ ಕ್ಯೂಆರ್ ಕೋಡ್ ಹಚ್ಚಿ. ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸಬಲ್ಲ ಸಂಸ್ಥೆಯಾದರೆ ರಸೀದಿಯೂ ಅಲ್ಲಿಂದಲೇ ಬರುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಇಲ್ಲ ಎಂಬುದನ್ನೂ ಕೊಡುವವರಿಗೆ ತಿಳಿಸಿ.

ಎರಡು, ಖರ್ಚಿನ ಚೀಲ ಬೇರೆ, ದಾನದ ಚೀಲ ಬೇರೆ. ನೂರು ಜನ ತಲಾ 150 ರೂಪಾಯಿ ಕೊಟ್ಟರು ಎನ್ನಿ, 15,000 ಆಯಿತು. ಅದರಲ್ಲೇ 150 ರೂಪಾಯಿಯ ಟೀ ಶರ್ಟ್ ಕೊಟ್ಟಿರೋ, ಓಟವೆಲ್ಲ ಬಟ್ಟೆ ವ್ಯಾಪಾರವಾಯಿತು. ಟೀ ಶರ್ಟ್ ಬೇಡ, ಪದಕ ಬೇಡ. ನೀರು, ಬಾಳೆಹಣ್ಣು, ಎದೆಯ ನಂಬರಿನ ಕಾಗದ, ಇವನ್ನು ಮನೆಯವರು ಮತ್ತು ಓಣಿಯ ಅಂಗಡಿಯವರು ವಸ್ತುರೂಪದಲ್ಲೇ ಕೊಡಲಿ. ಬಂದ ಪ್ರತಿ ರೂಪಾಯಿಯೂ ಹೋಗಬೇಕಾದ ಕಡೆಗೇ ಹೋಗಲಿ.

ಮೂರು, ಅವ್ವ ಬರೆದ ಲೆಕ್ಕವನ್ನು ತಪಾಸಣೆ ಮಾಡುವವರು ನಿಮ್ಮ ಮನೆಯವರಾಗಿರಬಾರದು. ಓಣಿಯಲ್ಲಿ ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ ಇದ್ದೇ ಇರುತ್ತಾರೆ. ಅವರ ಕಾಲಿಗೆ ಬಿದ್ದಾದರೂ ಒಪ್ಪಿಸಿ.

ನಾಲ್ಕು, ಎಂಟು ದಿನದೊಳಗೆ ಒಂದು ಪುಟದ ಜಮಾ-ಖರ್ಚು ಎಲ್ಲರಿಗೂ ಹೋಗಬೇಕು. ಕೂಡಿದ್ದು 4,350 ರೂಪಾಯಿಯೇ ಆಗಿದ್ದರೂ ಅಷ್ಟನ್ನೇ ಎದೆ ತಟ್ಟಿ ಬರೆಯಿರಿ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ನಿಜ. ಆದರೆ ಯಾವ ಹನಿ ಎಲ್ಲಿಗೆ ಹೋಯಿತೆಂದು ಗೊತ್ತಿದ್ದರೆ ಮಾತ್ರ ಮುಂದಿನ ವರ್ಷ ಮತ್ತೆ ಹನಿ ಬೀಳುತ್ತದೆ.

ದಾರಿ ಅಳೆಯುವುದು

ದಾರಿ ಆರಿಸುವಾಗ ನಿಲ್ದಾಣದ ಎದುರಿನ ರಸ್ತೆಯ ಆಸೆ ಬಿಡಿ. ಗುಮ್ಮಟದ ಹಿನ್ನೆಲೆಯಲ್ಲಿ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ರೈಲು ಹಿಡಿಯಲು ಹೊರಟ ಆಟೋಗಳಿಗೆ ಅಡ್ಡ ಬಂದು ಪುಣ್ಯ ಸಂಪಾದಿಸಲಾಗದು. ಒಳ ಓಣಿಗಳಲ್ಲಿ ಒಂದು ಕಿಲೋಮೀಟರಿನ ಸುತ್ತು ಹುಡುಕಿ, ಅದನ್ನೇ ಐದು ಸಲ ಓಡಿಸಿ. ಶಾಲೆಯೊಂದರ ಮೈದಾನ ಕೇಳಿ ಪಡೆದರೆ ಇನ್ನೂ ಸುಲಭ. ಸುತ್ತಿನ ಓಟದಲ್ಲಿ ಲಾಭ ಬಹಳ: ನೀರಿನ ಮೇಜು ಒಂದೇ ಸಾಕು, ಪ್ರಥಮ ಚಿಕಿತ್ಸೆಯೂ ಒಂದೇ ಕಡೆ, ತಿರುವಿಗೊಬ್ಬ ಸ್ವಯಂಸೇವಕ, ಮತ್ತು ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅಜ್ಜಿಗೆ ಮೊಮ್ಮಗ ಐದು ಸಲ ಕಾಣುತ್ತಾನೆ.

ಐದು ಕಿಲೋಮೀಟರ್ ಎಂದರೆ ಐದೇ ಇರಲಿ. ಮೊಬೈಲ್ ತೋರಿಸುವ ದೂರ ಗಲ್ಲಿಗಳಲ್ಲಿ ಹೆಚ್ಚುಕಡಿಮೆಯಾಗುತ್ತದೆ. ದೊಡ್ಡ ಓಟಗಳ ದಾರಿಯನ್ನೂ ಇವತ್ತಿಗೂ ಅಳೆಯುವುದು ಸೈಕಲ್ಲಿನಲ್ಲೇ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಕೂರಿಸಿರುತ್ತಾರೆ. ನಿಮಗೆ ಅದೂ ಬೇಡ. ಸೈಕಲ್ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತಿಗೆ ಎಷ್ಟು ದೂರ ಉರುಳುತ್ತದೆ ಎಂದು ಟೇಪಿನಲ್ಲಿ ಅಳೆಯಿರಿ. ಚಕ್ರ 2.1 ಮೀಟರ್ ಉರುಳಿದರೆ ಒಂದು ಕಿಲೋಮೀಟರಿಗೆ ಸುಮಾರು 476 ಸುತ್ತು. ತಳ್ಳುವವನೊಬ್ಬ, ಎಣಿಸುವವಳೊಬ್ಬಳು. ತಿರುವಿನಲ್ಲಿ ಓಟಗಾರರು ಹಿಡಿಯುವ ಅತಿ ಹತ್ತಿರದ ಗೆರೆಯಲ್ಲೇ ತಳ್ಳಿ. ಅಧಿಕೃತ ಓಟಗಳಲ್ಲಿ ದಾರಿ ಎಲ್ಲೂ ಕಡಿಮೆ ಬೀಳದಿರಲಿ ಎಂದು ಪ್ರತಿ ಕಿಲೋಮೀಟರಿಗೆ 1 ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ನೀವೂ ಐದು ಕಿಲೋಮೀಟರಿಗೆ 5 ಮೀಟರ್ ಸೇರಿಸಿ. ದಾನದ ಓಟದಲ್ಲಿ ಅಳತೆ ಒಂದು ಮೀಟರೂ ಕಡಿಮೆ ಬೀಳಬಾರದು.

ರಸ್ತೆಯ ಮೇಲಾದರೆ ಪೊಲೀಸ್ ಮತ್ತು ಸಂಚಾರ ಪೊಲೀಸರ ಅನುಮತಿ ಬೇಕೇ ಬೇಕು. ತಿಂಗಳ ಮುಂಚೆಯೇ ಕೇಳಿ. ಪಾಲಿಕೆಗೂ ತಿಳಿಸಿ. ಮುಚ್ಚಳ ಸಡಿಲವಾದ ಮ್ಯಾನ್‌ಹೋಲು, ಬಣ್ಣ ಮಾಸಿದ ಸ್ಪೀಡ್ ಬ್ರೇಕರು, ಬೀದಿ ನಾಯಿಗಳ ಮೂಲೆ, ಇವನ್ನೆಲ್ಲ ಮೊದಲೇ ನಡೆದು ಗುರುತು ಮಾಡಿ. ಎದೆ ಒತ್ತುವ ಪ್ರಥಮ ಚಿಕಿತ್ಸೆ ಸಿಪಿಆರ್ ಅನ್ನು ಗುಂಪಿನ ಕೆಲವರಾದರೂ ಸರಿಯಾಗಿ ಕಲಿಯಿರಿ. 108 ಆಂಬುಲೆನ್ಸ್ ಸೇವೆ 2005ರಲ್ಲಿ ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ. ಆ ನಂಬರು ಪ್ರತಿ ಸ್ವಯಂಸೇವಕನ ನಾಲಿಗೆಯ ಮೇಲಿರಲಿ, ಆಂಬುಲೆನ್ಸ್ ಯಾವ ಗಲ್ಲಿಯಿಂದ ಒಳಗೆ ಬರಬೇಕು ಎಂಬುದೂ.

ನವೆಂಬರ್ ತಿಂಗಳ ಭಾನುವಾರ ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ಬೆಳಗು ತಂಪು, ರಾಜ್ಯೋತ್ಸವದ ಹುಮ್ಮಸ್ಸೂ ಇರುತ್ತದೆ. ಆರೂವರೆಗೆ ಹೊರಟರೆ ಬಿಸಿಲು ಏರುವುದರೊಳಗೆ ಮುಗಿಯುತ್ತದೆ. ಡಿಜೆ ಬೇಡ, ಮೈಕು ಬೇಡ. ಭಾನುವಾರ ಮಲಗಿರುವವರಿಗೂ ಓಣಿಯಲ್ಲಿ ಹಕ್ಕಿದೆ. ಪ್ಲಾಸ್ಟಿಕ್ ಲೋಟದ ಬದಲು ಮನೆಮನೆಯ ಸ್ಟೀಲ್ ಲೋಟ. ಮುಗಿದ ಅರ್ಧ ತಾಸಿನಲ್ಲಿ ಓಣಿ ಮೊದಲಿಗಿಂತ ಚೊಕ್ಕಟವಾಗಿರಬೇಕು. ಪೌರಕಾರ್ಮಿಕರಿಗೆ ಕೆಲಸ ಹೆಚ್ಚಿಸುವುದನ್ನು ಸೇವೆ ಎನ್ನಲಾಗದು.

ಕನ್ನಡದವರ ಓಟ, ಎಲ್ಲರ ಓಟ

ಪೋಸ್ಟರು ಕನ್ನಡದಲ್ಲಿರಲಿ, ಜೊತೆಗೆ ತೆಲುಗು, ಉರ್ದು, ಹಿಂದಿಯಲ್ಲೂ ಇರಲಿ. ಕಾಚಿಗೂಡ ಒಂದೇ ಭಾಷೆಯ ಊರಲ್ಲ. ಪಕ್ಕದ ಮನೆಯ ತೆಲುಗಿನ ಅಂಕಲ್, ಎದುರಿನ ಮಾರವಾಡಿ ಅಂಗಡಿಯವರು, ಉರ್ದು ಮಾತಾಡುವ ಟೈಲರ್ ಚಾಚಾ ಎಲ್ಲರಿಗೂ ಬಾಗಿಲಿಗೆ ಹೋಗಿ ಹೇಳಿ. ನೀವು ಕರೆಯದಿದ್ದರೆ ಅವರಿಗೆ ಅದು ಭಾನುವಾರದ ಗದ್ದಲ. ಕರೆದರೆ ಅದು ಅವರ ಓಟವೂ ಆಗುತ್ತದೆ.

ನಿಮ್ಮ ತಮ್ಮ ತಂಗಿಯರಲ್ಲಿ ಎಷ್ಟೋ ಜನಕ್ಕೆ ಕನ್ನಡ ಕಿವಿಗೆ ಗೊತ್ತು, ಬಾಯಿಗೆ ಬರುವುದಿಲ್ಲ. ವರ್ಷಕ್ಕೊಂದು ದಿನ ಭಾಷಣ ಕೇಳಿಸಿದರೆ ಅವರಿಗೆ ಭಾಷೆ ಹತ್ತುವುದಿಲ್ಲ. ಮಾಡಲು ಒಂದು ಕೆಲಸ ಕೊಟ್ಟರೆ ಹತ್ತುತ್ತದೆ. ತಿರುವಿನಲ್ಲಿ ನಿಲ್ಲಿಸಿ, “ಅಜ್ಜಾರ, ಸಾವಕಾಶ್ ಬರ್ರಿ, ನೀರ್ ಕುಡೀರಿ” ಎಂದು ಕೂಗಲು ಹೇಳಿ. ಒಂದು ಬೆಳಗಿನಲ್ಲಿ ಐವತ್ತು ಸಲ ಕೂಗಿದ ಮಾತನ್ನು ಮಗು ಮರೆಯುವುದಿಲ್ಲ.

ಹನ್ನೆರಡೇ ಜನ ಬಂದರೆ? ಹನ್ನೆರಡು ಜನರನ್ನೇ ಓಡಿಸಿ. ಬುಶಿ ಪಾರ್ಕಿನವರಿಗಿಂತ ಒಬ್ಬರು ಕಡಿಮೆ, ಅಷ್ಟೇ ತಾನೆ. ಮಳೆ ಬಂದರೆ ಮುಂದಿನ ಭಾನುವಾರ. ಅನುಮತಿ ಸಿಗದಿದ್ದರೆ ಮೈದಾನ. ಮೈದಾನವೂ ಸಿಗದಿದ್ದರೆ ಎಂಎಂಟಿಎಸ್ ಎಂಬ ನಗರದ ಲೋಕಲ್ ರೈಲು ಹತ್ತಿ. ವಿದ್ಯಾನಗರ ದಾಟಿದರೆ ಜಾಮಿಯಾ ಉಸ್ಮಾನಿಯಾ ನಿಲ್ದಾಣ, ಬೆಳಗಾದರೆ ನಡೆಯುವವರು ಓಡುವವರು ತುಂಬಿರುವ ಉಸ್ಮಾನಿಯಾ ವಿಶ್ವವಿದ್ಯಾಲಯದ ರಸ್ತೆಗಳು. ಅಲ್ಲಿಯ ನಿಯಮ ಕೇಳಿಕೊಂಡು ಮನೆಮಂದಿಯಷ್ಟೇ ಓಡಿ, ತಲೆಗೆ ನೂರು ರೂಪಾಯಿ ಎತ್ತಿಟ್ಟು ಬನ್ನಿ. ನಿಲ್ಲಿಸಲು ನೆಪ ಸಾವಿರ ಸಿಗುತ್ತವೆ. ನಡೆಸಲು ದಿನಾಂಕ ಒಂದೇ ಸಾಕು.

ಈ ಬರಹ ಓದುತ್ತಿರುವವರು ಸೊಲ್ಲಾಪುರದವರೋ, ಕಾಸರಗೋಡಿನವರೋ, ಬಳ್ಳಾರಿಯವರೋ ಇರಬಹುದು. ನಿಮಗೂ ಒಂದು ಓಣಿ ಇದೆ, ಒಂದು ಮನೆ ಇದೆ, ನೆರವು ಬೇಕಾದವರು ಹತ್ತಿರದಲ್ಲೇ ಇದ್ದಾರೆ. ಕಾಚಿಗೂಡ ಎಂದು ಬರೆದ ಕಡೆಯೆಲ್ಲ ನಿಮ್ಮ ಊರಿನ ಹೆಸರು ಹಾಕಿ ಓದಿಕೊಳ್ಳಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಟಿವಿ ಆರಿಸಿ, ಮೊಬೈಲ್ ಮಗುಚಿಟ್ಟು, ಮಾತು ತೆಗೆಯಿರಿ. “ಅವ್ವಾ, ಅಪ್ಪಾ, ನಾವೊಂದು ಓಟ ಇಡೂಣು.” ಮೊದಲು ನಗುತ್ತಾರೆ, ಆಮೇಲೆ ಯಾವಾಗ ಎನ್ನುತ್ತಾರೆ. ಕ್ಯಾಲೆಂಡರ್ ಇಳಿಸಿ ಒಂದು ಭಾನುವಾರಕ್ಕೆ ಸುತ್ತು ಹಾಕಿ, ಯಾರ ಪಾಲಿಗೆ ಯಾವ ಕೆಲಸ ಎಂದು ಅಲ್ಲೇ ಬರೆಯಿರಿ. ನಾಳೆ ಬೆಳಗ್ಗೆ ಐದೂವರೆಗೆ ಎದ್ದು ಮೊದಲ ಒಂದು ನಿಮಿಷ ಓಡಿ. ಓಟ ಶುರುವಾಯಿತು.